ಕಪ್ಪು ಚೆಂಡು ಅಲುಗಿತ್ತು

ದಸ್ತಗೀರ್ ಕಾಕಾ,

ನೀವು ಹೋಗಿ ಮೂರು ತಿಂಗಳಾಯಿತು. ಮಣ್ಣಿಗೆ ಬಂದಿದ್ದೆ, ಎಲ್ಲರ ಹಿಂದೆ ನಿಂತಿದ್ದೆ. ಮುಂದೆ ಬಂದು ಮುಖ ನೋಡುವ ಧೈರ್ಯ...

ಮೊದಲ ದಿನ ನೆನಪಿದೆಯಾ? ಹುಬ್ಬಳ್ಳಿಯ ಆ ಹಳೆಯ ಕ್ಲಬ್ಬಿನಲ್ಲಿ ನೀವು ಮಾರ್ಕರ್. ಅಂಕ ಬರೆಯುವುದು, ತಪ್ಪು ಹಿಡಿಯುವುದು, ಟೇಬಲ್ಲಿನ ಹಸಿರು ಬಟ್ಟೆಗೆ ಬ್ರಷ್ ಎಳೆಯುವುದು ಎಲ್ಲ ನಿಮ್ಮದೇ. ಮಾಳಮಡ್ಡಿಯಿಂದ ಬಂದು ಹೋಗುತ್ತಿದ್ದ ಗುಮಾಸ್ತ ನಾನು, ಸೀದಾ ಸ್ನೂಕರ್ ಆಡುತ್ತೇನೆ ಎಂದೆ. "ಗಡಿಬಿಡಿ ಏನೈತ್ರಿ ರಾಯರ? ಮೊದಲ ಬಿಲಿಯರ್ಡ್ಸ್ ಕಲೀರಿ. ಮೂರ ಚೆಂಡು. ಇಪ್ಪತ್ತೆರಡು ಚೆಂಡಿನ ಆಟ ಆಮ್ಯಾಲೆ," ಎಂದಿರಿ. ಆರು ತಿಂಗಳು ಒಂದು ಚೆಂಡಿನಿಂದ ಇನ್ನೆರಡನ್ನು ಮುಟ್ಟಿಸುವುದನ್ನೇ ಕಲಿಸಿದಿರಿ. ಜೊತೆಗೆ ಇನ್ನೊಂದು ಪಾಠ: "ಅಂಗಿ ತೋಳು ಚೆಂಡಿಗೆ ತಗಲಿದ್ರ ಮಾರ್ಕರ್ ಹೇಳೂತನಕ ಕಾಯಬಾರದ್ರಿ. ಆಡಾಂವ ತಾನ ಫೌಲ್ ಅನ್ನಬೇಕು."

ಕೆಲವು ವರ್ಷಗಳ ಮೇಲೆ ಕ್ಲಬ್ಬಿನ ಸ್ನೂಕರ್ ಫೈನಲ್. ಗುಲಾಬಿ, ಕಪ್ಪು, ಎರಡೇ ಬಣ್ಣ ಉಳಿದಿದ್ದವು. ಎರಡೂ ನನಗೆ ಬಿದ್ದರೆ ಗೆಲುವು, ಗೋಡೆಯ ಬೋರ್ಡಿನ ಮೇಲೆ ಬಂಗಾರದ ಬಣ್ಣದಲ್ಲಿ ಹೆಸರು. ಗುಲಾಬಿಗೆ ಬಾಗಿದಾಗ ನನ್ನ ಎಡತೋಳು ಕಪ್ಪಿಗೆ ತಗಲಿತು. ಅದು ಎಳ್ಳುಕಾಳಿನಷ್ಟು ಅಲುಗಿತು. ನೀವು "ಫೌಲ್" ಎಂದಿರಿ. ಸೆಕ್ರೆಟರಿ ನನ್ನ ಕಡೆ ತಿರುಗಿ, "ತಗಲಿತೇನ್ರಿ?" ಎಂದರು. ನಾನು "ಇಲ್ಲ" ಎಂದುಬಿಟ್ಟೆ.

ನೀವು ನನ್ನ ಮುಖವನ್ನೇ ನೋಡಿದಿರಿ. ಆಮೇಲೆ, "ರಾಯರು ಸುಳ್ಳ ಹೇಳೂ ಮಂದಿ ಅಲ್ರಿ. ನನ್ನ ಕಣ್ಣ ಮಂಜಾಗಿರಬೇಕು," ಎಂದು ಫೌಲ್ ವಾಪಸ್ ತೆಗೆದುಕೊಂಡಿರಿ. ನಾನು ಗೆದ್ದೆ. ಕಣ್ಣು ಕಾಣದ ಮಾರ್ಕರ್ ಬೇಡವೆಂದು ಕಮಿಟಿ ಮರುವಾರವೇ ನಿಮ್ಮನ್ನು ಕೆಲಸದಿಂದ ಬಿಡಿಸಿತು. ಆಗಲಾದರೂ ಬಾಯಿ ಬಿಡಬಹುದಿತ್ತಲ್ಲ? ಬಿಡಲಿಲ್ಲ. ನಾಚಿಕೆಗೇಡಿ ನಾನು.

ಬೈರಿದೇವರಕೊಪ್ಪದಲ್ಲಿ ಅಳಿಯನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ತೆಗೆಯುತ್ತ ಕೂತಿರಿ. ಎರಡು ಸಾವಿರ ಇಸವಿ ದಾಟಿದ ಮೇಲೆ ಎದುರಿಗೇ ಪೂಲ್ ಪಾರ್ಲರ್ ಬಂತು: ಸಣ್ಣ ಟೇಬಲ್, ನಂಬರ್ ಬರೆದ ಚೆಂಡು. ಒಮ್ಮೆ ಸಿಕ್ಕಾಗ ಚಹಾ ತರಿಸಿ, "ಅಲ್ಲೆ ಮಾರ್ಕರ್ ಇರೂದ ಇಲ್ರಿ. ಅವರವರ ಫೌಲ್ ಅವರವರ ಹೇಳ್ಕೋತಾರ," ಎಂದು ನಕ್ಕಿರಿ. ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಗೊತ್ತಿದ್ದೇ ಹಾಗೆ ಅಂದಿರಾ, ಕಾಕಾ? ಅಥವಾ...

ಕಳೆದ ವಾರ ನಿಮ್ಮ ಮನೆಗೆ ಹೋಗಿ ನಿಮ್ಮ ಹೆಂಡತಿಗೆ, ಕಾಕುಗೆ, ಎಲ್ಲ ಹೇಳಿದೆ. ಅವರು ಕೌದಿ ಹೊಲಿಯುತ್ತಿದ್ದರು. ಮುಗಿಯುವವರೆಗೂ ಕೇಳಿ, ಬರಿಯ ಸೂಜಿಯನ್ನು ನನ್ನ ಕೈಗಿಟ್ಟರು. "ದಾರ ಪೋಣಸ್ರಿ. ನನಗ ಕಾಣಂಗಿಲ್ಲ. ಹೋಗೂ ಹಿಂದಿನ ದಿನದ ತನಕ ಅವರ ಪೋಣಿಸಿ ಕೊಡ್ತಿದ್ರು," ಎಂದರು. ಮೂರನೇ ಸಲಕ್ಕೆ ಪೋಣಿಸಿ ಕೊಟ್ಟೆ.

ನಿನ್ನೆ ಕ್ಲಬ್ಬಿನಲ್ಲಿ ಎಲ್ಲ ಸದಸ್ಯರ ಎದುರು ಹೇಳಿದೆ. "ಹೋಗ್ಲಿ ಬಿಡ್ರಿ, ಹಳೇ ಮಾತು," ಎಂದರು ಒಬ್ಬರು. ನಾನು ಸ್ಟೂಲ್ ಹತ್ತಿ ಬೋರ್ಡಿನ ಮೇಲಿನ ನನ್ನ ಹೆಸರನ್ನು ಕೆರೆದು ತೆಗೆದೆ. ಇದರಿಂದ ನಿಮ್ಮ ಕೆಲಸ ವಾಪಸ್ ಬರುವುದಿಲ್ಲ, ಗೊತ್ತು. ಊರಿಗೆಲ್ಲ ಹೇಳಿದ್ದಾಯಿತು, ಹೇಳಬೇಕಾದವರಿಗೇ ಹೇಳಿಲ್ಲ.

ಫೌಲ್, ಕಾಕಾ. ತೋಳು ತಗಲಿತ್ತು.