ಆರು ಜನ, ಆರು ಫೋನು

ಲಾಲಪ್ಪನವರಿಗೆ,

"ಆಕಿ ಬರ್ತಾಳಂದ್ರ ಆರು ಮಂದಿ, ಇಲ್ಲಂದ್ರ ಒಬ್ರೂ ಇಲ್ಲ" ಎಂದೋ, ಅದಕ್ಕಿಂತ ಒರಟಾಗಿಯೋ ಅಂದಿದ್ದಿರಿ. ಕೊಂಢವಾ ಬಡಾವಣೆಯ ಕೂಲಿ ನಾಕಾದಲ್ಲಿ, ಆಳುಗಳು ಕೆಲಸಕ್ಕೆ ಕಾದು ನಿಲ್ಲುವ ಆ ಮೂಲೆಯಲ್ಲಿ, ಮರಾಠಿ ಗುತ್ತಿಗೆದಾರ ಅವ್ವಮ್ಮನನ್ನು ತೋರಿಸಿ, "ಹೀ ಮ್ಹಾತಾರಿ ಕಶಾಲಾ?" ಈ ಮುದುಕಿ ಯಾಕೆ ಎಂದು ನಕ್ಕಿದ್ದಕ್ಕೆ ನಿಮ್ಮ ಉತ್ತರವದು. ನಿಮ್ಮ ಆರು ಜನರ ಟೋಳಿಯಲ್ಲಿ ಅವಳು ಮರಳು ಜರಡಿ ಹಿಡಿಯುವವಳು, ಉಳಿದವರು ಇಟ್ಟಿಗೆ ಹೊರುವವರು. ಕೂಲಿ ಎಲ್ಲರಿಗೂ ಒಂದೇ.

ನಾಕಾದ ಎದುರಿನ ಕಟ್ಟಡದಲ್ಲಿ ಕೂತು ನಾನು ಮೂವತ್ತು ವರ್ಷ ನವ ಉದಾರವಾದದ ವಿರುದ್ಧ ಬರೆದವನು. ಅದು ಮನುಷ್ಯನನ್ನು ಒಂಟಿ ಅಂಗಡಿ ಮಾಡುತ್ತದೆ ಎಂದು ವಾದಿಸಿದವನು. ಕೆಲಸ ಕೊಡಿಸುವ ಆ ಆ್ಯಪ್ಪನ್ನು ನಿಮ್ಮೆಲ್ಲರ ಫೋನಿಗೆ ಹಾಕಿಕೊಟ್ಟವನೂ ನಾನೇ. "ಸರ, ನಡುವಿನ ದಲಾಲ ತಪ್ತಾನಂತ, ಖರೇ ಏನ್ರಿ?" ಎಂದು ನಿಮ್ಮ ಟೋಳಿಯ ಮಲಕಪ್ಪ ಕೇಳಿದ. ಖರೇ ಎಂದೆ. ಟೋಳಿ ಎಂದು ತುಂಬಲು ಆ್ಯಪ್ಪಿನಲ್ಲಿ ಜಾಗವೇ ಇರಲಿಲ್ಲ. ಗಮನಿಸಿದೆ, ಮುಂದಕ್ಕೆ ಒತ್ತಿದೆ. ಅವ್ವಮ್ಮನ ವಯಸ್ಸು ಐವತ್ತೊಂಬತ್ತು ಎಂದು ಆಧಾರ್ ನೋಡಿ ಪ್ರಾಮಾಣಿಕವಾಗಿ ಬರೆದೆ.

ಸೋಮವಾರ ಬೆಳಿಗ್ಗೆ ಐದು ಫೋನುಗಳು ಸದ್ದು ಮಾಡಿದವು. ಐದು ದಿಕ್ಕಿನ ಕೆಲಸ. ಮಲಕಪ್ಪ ಅವ್ವಮ್ಮನ ಮುಖ ನೋಡದೆ ಮೊದಲು ಹೊರಟ. ಅವನನ್ನು ಬೈಯಲಾರೆ; ಇಂದು ಒಲ್ಲೆನೆಂದರೆ ನಾಳೆ ಕರೆ ಇಲ್ಲ ಎಂದು ಪರದೆ ಹೇಳುತ್ತಿತ್ತು. ಯಾರೂ ಯಾರನ್ನೂ ತೆಗೆದುಹಾಕಲಿಲ್ಲ. ಜಗಳವಾಡೋಣವೆಂದರೆ ಎದುರಿಗೆ ಒಬ್ಬ ಗುತ್ತಿಗೆದಾರನೂ ಇಲ್ಲ. ನನ್ನ ಸಿಟ್ಟಿಗೆ ವಿಳಾಸವೇ ಇಲ್ಲದಂತಾಗಿದೆ. ಕೊನೆಗೆ ನೀವೂ ಆಟೊ ಹತ್ತಿದಿರಿ. ಮರುದಿನದಿಂದ ನೀವು ನಾಕಾಕ್ಕೆ ಬರಲಿಲ್ಲ, ಫೋನೂ ಬಂದ್. ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಊರ ಬಸ್ಸಿಗೆ ನಿಂತಿದ್ದನ್ನು ಯಾರೋ ಕಂಡರಂತೆ.

ಅವ್ವಮ್ಮ ಈಗಲೂ ದಿನಾ ಬಂದು ನಿಲ್ಲುತ್ತಾಳೆ. ನಿನ್ನೆ ಫೋನನ್ನು ನನ್ನ ಕೈಗಿಟ್ಟು, "ನೀವೇ ಬರ್ದೀರಿ, ನೀವೇ ಹತ್ತು ವರ್ಷ ಕಮ್ಮಿ ಮಾಡ್ರಿ ಸರ. ಜರಡಿ ಏನು ನನ್ನ ವಯಸ್ಸು ಕೇಳ್ತದೇನ್ರಿ?" ಎಂದಳು. ಬರೆದ ವಯಸ್ಸನ್ನು ತಿದ್ದಲು ಆ್ಯಪ್ಪು ಬಿಡಲಿಲ್ಲ; ಅದರ ಕಂಪನಿಗೆ ಮೂರು ಸಲ ಕರೆ ಮಾಡಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದಿತು ಒಂದು ಧ್ವನಿ. ಎಲ್ಲವನ್ನೂ ಒತ್ತಿದೆ. ನಾನು ಬರೆದ ಅಷ್ಟೂ ಪುಟಗಳಲ್ಲಿ ಆ ಧ್ವನಿಗೆ ಹೇಳಬಹುದಾದ ಒಂದು ವಾಕ್ಯವೂ ಸಿಗಲಿಲ್ಲ. ಅವಳು ಮಾತ್ರ ಪಕ್ಕದಲ್ಲೇ ಕೂತು, ಆಯಿತೇ ಎಂಬಂತೆ ನೋಡುತ್ತಿದ್ದಳು.

ಎಲ್ಲಿದ್ದರೂ, ಜೊತೆಗೆ ಕೂತು ಬುತ್ತಿ ಬಿಚ್ಚುವ ಜನ ನಿಮಗೆ ಸಿಗಲಿ.

ಇಂತಿ,
ಧರ್ಮರಾಜ

ಲಾಲಪ್ಪ, ಆಟೊ ಹತ್ತುವ ಮುನ್ನ ತಲೆಯೆತ್ತಿ ನನ್ನ ಕಿಟಕಿಯತ್ತ ನೋಡಿದಿರಲ್ಲ, ಹೋಗಬೇಡಿ ಎಂದು ನಾನು ಕೂಗಲಿ ಅಂತ ಕಾದಿದ್ದಿರಾ?