ಬೀಗದ ತೂತಿನ ಬಾಣಂತಿ

ಮಂಗಳವಾರ, ಮಧ್ಯಾಹ್ನ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಮಗಳೇ,

ನಾಲ್ಕು ವಾರದಿಂದ ಅಮ್ಮ ಫೋನ್ ಎತ್ತುತ್ತಿಲ್ಲ ಎಂದು ಪಕ್ಕದ ಅಂಗಡಿಯ ದರ್ಜಿಯ ಹತ್ತಿರ ನನ್ನನ್ನು ಚೆನ್ನಾಗಿ ಬೈದೆಯಂತೆ. ಬೈದುಕೋ. ನನ್ನ ದನಿ ಕೇಳಿದರೆ ನಿನಗೆ ಎಲ್ಲ ಗೊತ್ತಾಗಿಬಿಡುತ್ತದೆ, ಅದಕ್ಕೇ ಪತ್ರ. ಮೊದಲು ಕೂತುಕೋ. ಅಲ್ಲ, ಹೆರಿಗೆಯವರೆಗೂ ನೀನು ಮಂಚದಿಂದ ಇಳಿಯಬಾರದಲ್ಲ, ಮಲಗಿಕೊಂಡೇ ಓದು.

ನನ್ನ ಹೊಟ್ಟೆನೋವು ಗ್ಯಾಸ್ ಅಲ್ಲ, ಗಡ್ಡೆ. ಕತ್ತರಿಸುವ ಹಂತ ದಾಟಿದೆಯಂತೆ. ಆರು ತಿಂಗಳು ಎಂದಿದ್ದಾರೆ. ನಿನ್ನ ಹೆರಿಗೆಗೆ ಇನ್ನು ಮೂರೇ ತಿಂಗಳು. ಮಗುವಿನ ಮುಖ ನೋಡಿಯೇ ಹೋಗುತ್ತೇನೆ, ಅಳಬೇಡ.

ಆಸ್ಪತ್ರೆಯಿಂದ ಬಂದ ದಿನ ಸಿಟ್ಟು ನೆತ್ತಿಗೇರಿತ್ತು. ಮನೆಬಾಗಿಲ ಬೀಗಕ್ಕೆ ಕೀಲಿ ಹಾಕಿದರೆ ಒಳಗೆ ಹೋಗುತ್ತಿಲ್ಲ, ತೂತಿಗೆ ಹಸಿ ಮಣ್ಣು ಮೆತ್ತಿದೆ. ಯಾವನೋ ಕಿಡಿಗೇಡಿಯ ಕೆಲಸ ಎಂದುಕೊಂಡೆ. ನಿನ್ನ ಅಪ್ಪ ಹೋದ ಮೇಲೆ ಇಪ್ಪತ್ತೆರಡು ವರ್ಷ ಬೀಗ ರಿಪೇರಿ ಮಾಡಿದ ಕೈ, ಯೋಚನೆ ಗೀಚನೆ ಮಾಡುವುದಿಲ್ಲ. ಕೊಕ್ಕೆ ತಂತಿ ತೆಗೆದು ಎಲ್ಲವನ್ನೂ ಕೆದಕಿ ಹಾಕಿದೆ. ಮಣ್ಣಿನ ಜೊತೆ ಹಸಿರು ಹುಳುಗಳು ಬಿದ್ದವು. ಸತ್ತಿಲ್ಲ, ಅಲ್ಲಾಡುತ್ತಲೂ ಇಲ್ಲ. ಕೆಲಸದ ಭೂತಗನ್ನಡಿ ಹಿಡಿದು ನೋಡಿದೆ. ಒಂದು ಚೂರು ಮಣ್ಣಿಗೆ ಕೂದಲಿಗಿಂತ ತೆಳುವಾದ ಎಳೆ, ಅದರ ತುದಿಗೆ ಒಂದು ಮೊಟ್ಟೆ, ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಅಷ್ಟರಲ್ಲಿ ಒಂದು ಕಡಜ ಬಾಯಲ್ಲಿ ಮಣ್ಣಿನುಂಡೆ ಹಿಡಿದು ಬಂತು. ಖಾಲಿ ತೂತಿನ ಮುಂದೆ ಸುಮ್ಮನೆ ನಿಂತಿತು. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಡಾಕ್ಟರ ಮುಂದೆ ಅಳದವಳು ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ.

ಅದು ಅಳುತ್ತಾ ಕೂರಲಿಲ್ಲ ನೋಡು. ಮಾರನೆಯ ಬೆಳಿಗ್ಗೆ ಅದೇ ತೂತಿನಲ್ಲಿ ಮತ್ತೆ ಶುರು. ಮೊದಲು ಮೊಟ್ಟೆ, ಆಮೇಲೆ ಮರಿಯ ಊಟಕ್ಕೆಂದು ಕುಟುಕಿ ಮಲಗಿಸಿದ ಹುಳು ಒಂದೊಂದಾಗಿ, ಕೊನೆಗೆ ಮಣ್ಣಿನ ಮುಚ್ಚಳ. ನಾನು ಅಂಗಡಿ ಮುಚ್ಚಿ, ಸ್ಟೂಲು ಹಾಕಿಕೊಂಡು ಎರಡು ದಿನ ಬಿಟ್ಟ ಬಾಯಿ ಬಿಟ್ಟಂತೆಯೇ ನೋಡಿದೆ. ಸಾಸಿವೆಯಷ್ಟು ತಲೆ ಅದಕ್ಕೆ. ಹುಟ್ಟಲಿರುವ ಮರಿಗೆ ಎಷ್ಟು ಹಸಿವಾಗುತ್ತದೆ ಎಂದು ಹೇಳಿಕೊಟ್ಟವರು ಯಾರು? ಮುಚ್ಚಳ ಮೆತ್ತಿ ಹೋದದ್ದು ಮತ್ತೆ ಬರಲಿಲ್ಲ. ಎದುರುಮನೆಯ ವಿಜ್ಞಾನದ ಟೀಚರನ್ನು ಕೇಳಿದೆ. ತಾಯಿ ಮರೀನ ನೋಡೋದೇ ಇಲ್ಲ ಕಣ್ರೀ, ಅದು ಹೊರಗೆ ಬರೋ ಹೊತ್ತಿಗೆ ಇವಳು ಇರೋದೂ ಅನುಮಾನ, ಆದ್ರೂ ಮರಿ ಒಂದು ಹೊತ್ತೂ ಉಪವಾಸ ಇರಲ್ಲ ಅಂದರು. ಮೈ ಜುಮ್ಮೆಂದಿತು ಕಣೇ.

ಅಂದಿನಿಂದ ಬಾಗಿಲಿಗೆ ಬೀಗ ಹಾಕಿಲ್ಲ. ಬೀಗದಮ್ಮನ ಮನೆಗೇ ಬೀಗ ಇಲ್ವಲ್ಲಪ್ಪ ಅಂತ ಬೀದಿಯೆಲ್ಲ ನಗುತ್ತಿದೆ. ಹೊಗೆ ಹಾಕಿ ಓಡಿಸ್ಲಾ ಅಂತ ದರ್ಜಿ ಕೇಳಿದ, ನಿನ್ನ ಮೂತಿಗೆ ಹಾಕ್ತೀನಿ ಅಂದೆ. ದಿನಾ ಎದ್ದ ಕೂಡಲೇ ಹೋಗಿ ತೂತಿಗೆ ಕಿವಿಯಿಡುತ್ತೇನೆ. ನೋವು ಇದೆ, ಇಲ್ಲವೆನ್ನುವುದಿಲ್ಲ. ಮೊದಲಿನ ಭಯ ಮಾತ್ರ ಇಲ್ಲ. ಒಂದು ಕಡಜದ ಕೂಸಿಗೆ ಇಷ್ಟು ಅಚ್ಚುಕಟ್ಟು ನಡೆಯುವ ಲೋಕದಲ್ಲಿ ನಾನ್ಯಾಕೆ ಅನಾಥಳ ಹಾಗೆ ನಡುಗಲಿ?

ದರ್ಜಿಯ ಜೊತೆ ಕೂತು ಅಂಗಿಗಳನ್ನು ಹೊಲಿಸಿದ್ದೇನೆ. ಹಸುಗೂಸಿನಿಂದ ಐದು ವರ್ಷದವರೆಗೂ ಆಗುತ್ತವೆ. ಪೆಟ್ಟಿಗೆ ನಾಳೆ ಹೊರಡುತ್ತದೆ. ಯಾಕಿಷ್ಟು ಅವಸರ ಎಂದು ಕೇಳಬೇಡ, ನನಗೆ ಹೊತ್ತು ಹೋಗಬೇಕಲ್ಲ.

ನಿನ್ನ ಜಗಳಗಂಟಿ
ಅಮ್ಮ

ತಾ.ಕ.: ಬುಧವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮುಂಚೆ ಹೋಗಿ ನೋಡಿದರೆ ಮುಚ್ಚಳದಲ್ಲಿ ದುಂಡನೆಯ ಕಂಡಿ. ಮರಿ ಹಾರಿಹೋಗಿದೆ, ನನಗೂ ಮುಖ ತೋರಿಸಲಿಲ್ಲ. ಜನ್ಮವಿಡೀ ಹೊರಗಿನಿಂದ ಬೀಗ ತೆಗೆದವಳು ನಾನು, ಇದು ಒಳಗಿನಿಂದ ತಾನೇ ತೆಗೆದುಕೊಂಡು ಹೋಗಿದೆ. ಅದನ್ನು ಕಂಡ ಮೇಲೆ ನಿನಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಡಾಕ್ಟರು ಹೇಳಿದ್ದು ಆರು ತಿಂಗಳಲ್ಲ, ಆರು ವಾರ. ನಾಲ್ಕು ಮುಗಿದಿವೆ. ಮಂಚದಿಂದ ಇಳಿದರೆ ನನ್ನಾಣೆ. ಇದು ಸಿಕ್ಕಿದ ಕೂಡಲೇ ಫೋನ್ ಮಾಡು, ಎತ್ತುತ್ತೇನೆ. ಎಲ್ಲಕ್ಕಿಂತ ಚಿಕ್ಕ ಅಂಗಿ ಪೆಟ್ಟಿಗೆಯಲ್ಲಿ ಮೇಲುಗಡೆಯೇ ಇದೆ.