ಕೈ ನಿಲ್ಲುವ ಜಾಗ

ಮಾರ್ಚ್ ಒಂಬತ್ತು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಪ್ಪನಿಗೆ,

ಫೋನ್ ಮಾಡಿದರೆ ನೀನು "ಹೂಂ, ಆರಾಮಾ? ತಗೋ, ಅಮ್ಮಂಗೆ ಕೊಡ್ತೀನಿ" ಎಂದು ನುಣುಚಿಕೊಳ್ಳುತ್ತೀ. ಅದಕ್ಕೇ ಕಾಗದ. ಇದನ್ನು ಅಮ್ಮನಿಗೆ ದಾಟಿಸುವಂತಿಲ್ಲ. ನನ್ನ ಕೈಬರಹ ನೋಡಿ ಮೂಗು ಮುರಿಯಬೇಡ. ಬೋರ್ಡ್ ಬರೆಯುವವನ ಮಗಳ ಅಕ್ಷರ ಕಾಗೆಕಾಲು ಎಂಬುದು ಊರಿಗೇ ಗೊತ್ತಿರುವ ವಿಷಯ.

ಮೊದಲು ಒಂದು ತಪ್ಪೊಪ್ಪಿಗೆ. ಹೋದ ವರ್ಷ ನೀನು ಇಲ್ಲಿ ಮೂರು ವಾರ ಇದ್ದೆಯಲ್ಲ, ಬೇಜಾರಿಗೆ ನನ್ನ ಮನೆಯ ಬಾಗಿಲುಗಳ ಸ್ಕ್ರೂಗಳನ್ನೆಲ್ಲ ಬಿಗಿ ಮಾಡುತ್ತಾ? ಆಗ ನಿನ್ನ ಕೈಗೆ ಆಫೀಸಿನ ಟ್ಯಾಬ್ಲೆಟ್ಟನ್ನೂ ಅದರ ಪೆನ್ನನ್ನೂ ಕೊಟ್ಟಿದ್ದೆ. ಜಪಾನಿ ಭಾಷೆ ಕಲಿಯುವವರಿಗೆ ಆನ್‌ಲೈನ್ ಪಾಠ ಕಟ್ಟುವುದು ನಮ್ಮ ಕೆಲಸ. ಪರದೆಯ ಮೇಲೆ ಒಂದೊಂದು ಅಕ್ಷರವೂ ಗೆರೆಗೆರೆಯಾಗಿ, ಯಾರೋ ಎದುರಿಗೇ ಕೂತು ಬರೆಯುತ್ತಿರುವಂತೆ ಮೂಡಬೇಕು. ಕಲಿಯುವವರು ಅದರ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. "ಇದು ಬರೀ ಟ್ರಯಲ್ ಅಪ್ಪ, ಆಮೇಲೆ ಕಲಿತವರ ಹತ್ರ ಬರೆಸ್ತೀವಿ" ಅಂದಿದ್ದೆ. ನೀನು ಮಾದರಿ ನೋಡಿಕೊಂಡು ಮುನ್ನೂರ ಹನ್ನೆರಡು ಅಕ್ಷರ ಬರೆದೆ. ಒಂದರ ಅರ್ಥವೂ ನಿನಗೆ ಗೊತ್ತಿರಲಿಲ್ಲ. ಕೇಳಿದರೆ, "ಅರ್ಥ ಅಂಗಡಿಯವ್ನು ನೋಡ್ಕೋತಾನೆ, ಗೆರೆ ನಂದು" ಅಂದೆ.

ಅಪ್ಪ, ಆಮೇಲೆ ನಾವು ಯಾರ ಹತ್ತಿರವೂ ಬರೆಸಲಿಲ್ಲ. ಪಾಠದಲ್ಲಿ ಇರುವುದು ನಿನ್ನ ಅಕ್ಷರಗಳೇ. ನಿಜ ಹೇಳಿದ್ದರೆ ನೀನು ಪೆನ್ನು ಕೆಳಗಿಡುತ್ತಿದ್ದೆ ಎಂಬ ಹೆದರಿಕೆ ನನಗೆ. ಪ್ರಿಂಟ್ ಬೋರ್ಡ್‌ಗಳು ಬಂದು ನಿನ್ನ ಕೆಲಸ ಕಿತ್ತುಕೊಂಡ ವರ್ಷವೇ ನಾನು ಕಂಪ್ಯೂಟರ್ ಓದುತ್ತೇನೆ ಅಂದೆ, ನೀನು ಎರಡು ತಿಂಗಳು ಮಾತು ಬಿಟ್ಟೆ. ಅದನ್ನು ನಾನು ಮರೆತಿಲ್ಲ.

ಈಗ ಮಂಗಳವಾರದ ಸುದ್ದಿ. ನಮ್ಮ ಪಾಠಗಳನ್ನು ತಿದ್ದುವ ಜಪಾನಿ ಮೇಡಂ ಒಬ್ಬರಿದ್ದಾರೆ. ಅರವತ್ತು ದಾಟಿದವರು, ಮಾತು ಕಡಿಮೆ. ವಾರಕ್ಕೊಮ್ಮೆ ಪರದೆಯ ಮೇಲೆ ಬಂದು ತಪ್ಪು ತೋರಿಸಿ ಹೋಗುತ್ತಾರೆ. ಅವತ್ತು ಬಂದವರೇ, ಇದು ಯಾರ ಕೈ ಎಂದು ಕೇಳಿದರು. ಸಿಕ್ಕಿಬಿದ್ದೆ ಅಂದುಕೊಂಡೆ. ಅವರು ನಿನ್ನ ಒಂದು ಗೆರೆಯನ್ನು ನಿಧಾನವಾಗಿ ಓಡಿಸಿದರು. ಗೆರೆ ಮುಗಿಯುವಲ್ಲಿ ಕೈ ಸುಮ್ಮನೆ ಏಳುವುದಿಲ್ಲ. ಬಂದು, ಒತ್ತಿ, ಅರೆಗಳಿಗೆ ನಿಂತು, ಆಮೇಲೆ ಏಳುತ್ತದೆ. ಅದೊಂದನ್ನು ಕಲಿಯಲು ತನಗೆ ನಾಲ್ಕು ವರ್ಷ ಹಿಡಿಯಿತು, ಇವರ ಗುರು ಯಾರು ಎಂದರು. ಏಣಿ ಎಂದೆ.

ಇನ್ನೇನು ಹೇಳಲಿ? ನೆಟ್ಟಗೆ ನಿಂತ ಬೋರ್ಡ್ ಮೇಲಿಂದ ಬ್ರಷ್ ಅವಸರದಲ್ಲಿ ಎತ್ತಿದರೆ ಪೇಂಟ್ ಇಳಿಯುತ್ತದೆ, ಅದಕ್ಕೇ ಗೆರೆಯ ಕೊನೆಯಲ್ಲಿ ಅಪ್ಪ ಉಸಿರು ಹಿಡಿದು ನಿಲ್ಲುತ್ತಿದ್ದರು ಎಂದು ವಿವರಿಸಿದೆ. ಕೆಳಗೆ ಏಣಿ ಹಿಡಿದವಳು ನಾನೇ ಅಲ್ಲವೇ? ನೀನು ಉಸಿರು ಹಿಡಿದದ್ದು ಏಣಿಯಲ್ಲೇ ತಿಳಿಯುತ್ತಿತ್ತು.

ಮೇಡಂ ಅಷ್ಟಕ್ಕೇ ಬಿಡಲಿಲ್ಲ. ಕಲಿಯುವವರ ಬರಹ ತೆಗೆ ಎಂದರು. ಅವರ ಕೈ ಎಲ್ಲಿ ಓಡಿತು, ಎಲ್ಲಿ ತಡೆಯಿತು ಎಂಬುದನ್ನೂ ನಮ್ಮ ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಮೊದಲು ತೆಗೆದದ್ದು ಒಬ್ಬ ನರ್ಸ್ ಬರೆದದ್ದು, ಆಮೇಲೆ ಇನ್ನೊಂದು ದೇಶದ ಬಸ್ ಡ್ರೈವರ್‌ನದು, ಆಮೇಲೆ ಎಪ್ಪತ್ತೊಂದು ವರ್ಷದ ಒಬ್ಬ ಹಲ್ಲಿನ ಡಾಕ್ಟರದು. ಮೊದಲ ವಾರ ಯಾರೂ ನಿಲ್ಲುವುದಿಲ್ಲ, ಬರಬರನೆ ಗೀಚಿ ಓಡುತ್ತಾರೆ. ಮೂರನೇ ತಿಂಗಳಿಗೆ ಎಲ್ಲರ ಕೈಯೂ ನಿನ್ನ ಕೈ ನಿಂತಲ್ಲೇ ನಿಲ್ಲುತ್ತದೆ. ನಿಲ್ಲಿ ಎಂದು ಪಾಠದಲ್ಲಿ ಎಲ್ಲೂ ಬರೆದಿಲ್ಲ ಅಪ್ಪ, ನಾನೇ ಬರೆದ ಪಾಠ ಅದು. ಈ ಪಾಠ ಕಲಿಯುತ್ತಿರುವವರು ನಲವತ್ತು ಸಾವಿರ ಜನ. ಅವರಲ್ಲಿ ಒಬ್ಬರೂ ನಿನ್ನನ್ನು ಕಂಡವರಲ್ಲ.

ಇನ್ನೂ ಏಳುನೂರು ಅಕ್ಷರ ಬಾಕಿ ಇದೆ. ಅವನ್ನು ಯಂತ್ರದಿಂದಲೇ ಬರೆಸಿ ಮುಗಿಸೋಣ ಎಂದು ನಮ್ಮ ಯಜಮಾನರ ಹಟ. ಅದೇ ಕೈ ಬೇಕು ಎಂದು ಮೇಡಂ. ಕೊನೆಗೆ ಮುಂದಿನ ತಿಂಗಳ ಕೊನೆಯವರೆಗೆ ಗಡುವು ಸಿಕ್ಕಿದೆ. ಮೂರು ಸಲ ನಿನ್ನನ್ನು ಕರೆದೆ. ನೀನು ಒಮ್ಮೆ ಕಣ್ಣು ಮಂಜು ಎಂದೆ, ಒಮ್ಮೆ ಬ್ರಷ್‌ಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದ್ದೇನೆ ಎಂದೆ, ಒಮ್ಮೆ ಅಮ್ಮನಿಗೆ ಹುಷಾರಿಲ್ಲ ಎಂದೆ. ಅಮ್ಮ ಗುಂಡುಕಲ್ಲಿನ ಹಾಗಿದ್ದಾಳೆ. ಬಂದುಬಿಡು ಅಪ್ಪ.

ಇಂತಿ ನಿನ್ನ
ಕಾಗೆಕಾಲು

ತಾ.ಕ.: ನಿನ್ನ ಕೈ ನಡುಗುವುದು ನನಗೆ ಗೊತ್ತು. ಅಮ್ಮನನ್ನು ಬೈಯಬೇಡ, ಅವಳು ಬಾಯಿಬಿಟ್ಟಿಲ್ಲ. ನೀನು ಇಲ್ಲಿ ಬರೆದ ಕಡೆಯ ಅರವತ್ತು ಅಕ್ಷರಗಳಲ್ಲೇ ಗೆರೆ ಅಲುಗಿತ್ತು. ನಾನು ಯಾರಿಗೂ ಹೇಳದೆ ಅದನ್ನು ಯಂತ್ರದಲ್ಲಿ ನಯ ಮಾಡಿ ಮುಚ್ಚಿಟ್ಟಿದ್ದೆ. ನಿನ್ನೆ ಮೇಡಂ ಅವರನ್ನು ಮತ್ತೆ ಕರೆದು, ನಯ ಮಾಡದ ಮೂಲ ಗೆರೆಗಳನ್ನು ತೋರಿಸಿದೆ. ಅರವತ್ತನ್ನೂ ಒಂದೊಂದಾಗಿ ನೋಡಿದೆವು. ಸಾಗುವ ದಾರಿಯಲ್ಲಿ ನಡುಕ ಇದೆ. ನಿಲ್ಲುವ ಜಾಗದಲ್ಲಿ, ಒಂದೇ ಒಂದು ಅಕ್ಷರದಲ್ಲೂ ಇಲ್ಲ. ಹೀಗೇ ಇರಲಿ ಎಂದರು ಮೇಡಂ. ನಯ ಮಾಡಿದ್ದನ್ನೆಲ್ಲ ತೆಗೆದುಹಾಕಿದ್ದೇನೆ. ಏಣಿ ನಾನು ಹಿಡಿದುಕೊಳ್ಳುತ್ತೇನೆ, ನೀನು ಹತ್ತು.